ಮುನ್ನೂರು ಗ್ರಾಂ

ಡಬ್ಬಿಯ ಮುಚ್ಚಳವನ್ನು ಹೆಬ್ಬೆರಳಿನಿಂದ ಮೀಟಿದರೆ ‘ಟಪ್’ ಎನ್ನುತ್ತದಲ್ಲ, ಅಷ್ಟೇ ಸಣ್ಣ ಸದ್ದು. ಮಧ್ಯರಾತ್ರಿ ದಾಟಿತ್ತು. ನಮ್ಮ ಮನೆಯಲ್ಲಿ ಆ ಹೊತ್ತಿನಲ್ಲಿ ಎಚ್ಚರವಾಗಿರುವವಳು ನಾನೊಬ್ಬಳೇ. ಬೀದಿಯಲ್ಲಿ ಬೈಕು ನಿಂತರೂ ತಾರಸಿಯ ಟ್ಯಾಂಕಿನಿಂದ ನೀರು ತೊಟ್ಟಿಕ್ಕಿದರೂ ನನಗೆ ಗೊತ್ತಾಗುತ್ತದೆ. ಆದರೆ ಈ ಸದ್ದು ಮನೆಯೊಳಗಿನದು. ಎದ್ದು ಕೂತು ಕಿವಿಗೊಟ್ಟೆ. ಮತ್ತೆ ಕೇಳಿಸಲಿಲ್ಲ.

ಗೌತಮ್ ಕದ್ದು ತಿನ್ನುತ್ತಿದ್ದಾನೆ ಎಂದುಕೊಂಡೆ.

ನನ್ನ ಮಗ ಸೈನ್ಯಕ್ಕೆ ಸೇರಬೇಕೆಂದು ಹೊರಟವನು. ಬರವಣಿಗೆಯ ಪರೀಕ್ಷೆ ಪಾಸಾಗಿ, ಭರ್ತಿಯ ಮೈದಾನದಲ್ಲಿ ಮುಂದಿನ ಗುಂಪಿನಲ್ಲೇ ಓಡಿ ಮುಗಿಸಿದ್ದ. ವೈದ್ಯಕೀಯ ತಪಾಸಣೆಯಲ್ಲಿ ಮಾತ್ರ ಅವನ ಎತ್ತರಕ್ಕೆ ತೂಕ ಐದು ಕೆಜಿ ಹೆಚ್ಚಾಯಿತು. ಸದ್ಯಕ್ಕೆ ಅನರ್ಹ, ಕೆಲವು ವಾರಗಳಲ್ಲಿ ಇಳಿಸಿಕೊಂಡು ಬೆಂಗಳೂರಿನ ಮಿಲಿಟರಿ ಆಸ್ಪತ್ರೆಯಲ್ಲಿ ಮತ್ತೊಮ್ಮೆ ತೋರಿಸು ಎಂದು ಕಳಿಸಿದ್ದರು. ಅದೂ ತಪ್ಪಿದರೆ ಮುಂದಿನ ಭರ್ತಿಯ ಹೊತ್ತಿಗೆ ಅವನ ವಯಸ್ಸು ಮೀರುತ್ತದೆ. ಇರುವುದು ಇದೊಂದೇ ಬಾಗಿಲು.

ಐದು ಕೆಜಿ ಅಂದರೆ ಅವನಿಗೆ ದೊಡ್ಡದಲ್ಲ. ಪಿಯುಸಿ ಮುಗಿಸಿದಾಗ ಅವನನ್ನು ಬೀದಿಯ ಹುಡುಗರು ‘ಗುಂಡ’ ಎಂದೇ ಕರೆಯುತ್ತಿದ್ದರು. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದವನು ಒಂದೂವರೆ ವರ್ಷ ಓಡಿ ಓಡಿ ಅದರ ಮೂರರಷ್ಟು ಇಳಿಸಿದ್ದ. ಈಗ ಉಳಿದಿದ್ದು ಇಷ್ಟೇ. ಆದರೆ ಎರಡು ವಾರದಿಂದ ಅದು ಒಂದಿಷ್ಟೂ ಜಗ್ಗಿರಲಿಲ್ಲ. ಬೆಳಿಗ್ಗೆ ಅವನು ತೂಕದ ಯಂತ್ರ ಹತ್ತಿದಾಗ ಅಡುಗೆಮನೆಯಿಂದಲೇ ಅವನ ಮುಖ ನೋಡುತ್ತಿದ್ದೆ. ಎಷ್ಟು ಎಂದು ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ.

ಅಂದು ಬೆಳಗಾದ ಮೇಲೆ ಅವನನ್ನು ಕೇಳಿದೆ. “ರಾತ್ರಿ ಎದ್ದಿದ್ದೆಯಾ?”

“ಇಲ್ವಲ್ಲ.”

“ಡಬ್ಬಿ ತೆಗೆದ ಸದ್ದು ಬಂತು.”

ಅವನು ಶೂ ದಾರ ಕಟ್ಟುವುದನ್ನು ನಿಲ್ಲಿಸಿದ. ಒಂದು ಸಲ ಅಜ್ಜಿಯ ಕೋಣೆಯ ಕಡೆ ನೋಡಿದ. “ನಾನು ತಿಂದಿಲ್ಲಮ್ಮ” ಎಂದು ಹೇಳಿ ಹೊರಟುಬಿಟ್ಟ.

ಆ ನೋಟ ನನಗೆ ಕಂಡಿತ್ತು. ಆದರೂ ಅದರ ಅರ್ಥ ತಿಳಿಯಲಿಲ್ಲ. ಅಂದು ಸಂಜೆ ಅಡುಗೆಮನೆಯ ಕಪಾಟಿಗೆ ಬೀಗ ಹಾಕಿ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡೆ.

ನಮ್ಮ ಅತ್ತೆ, ದೊಡ್ಡಮ್ಮ ಎಂದು ಅವರ ಹೆಸರು, ಅದನ್ನು ನೋಡಿದರು. ಅವರಿಗೆ ಎಂಬತ್ತರ ಹತ್ತಿರ ಹತ್ತಿರ. ಕಣ್ಣು ಮಂಜು, ಬಾಯಿ ಮಾತ್ರ ಚುರುಕು.

“ಏನವ್ವ ಯಶೋಧಾ, ನಾವು ಗಂಜಿಗೆ ಗತಿ ಇಲ್ದೆ ಇದ್ದಾಗ್ಲೂ ಮನೇಲಿ ಅನ್ನಕ್ಕೆ ಬೀಗ ಆಕಿರ್ಲಿಲ್ಲ ಕಣವ್ವ. ಈಗ ಸಂಬ್ಳ ತರೋ ಸೊಸೆ ಬಂದು ಆಕ್ಬುಟ್ಲು.”

“ಅವನ ಒಳ್ಳೇದಕ್ಕೇ ಅತ್ತೆ.”

“ಒಳ್ಳೇದು! ಮಗೀನ ಕೆನ್ನೆ ಒಳಕ್ಕೋಗ್ಬುಟ್ಟದೆ, ಕಣ್ಣಿಗೆ ಕಾಣ್ತಿಲ್ವಾ ನಿಂಗೆ?”

ನನ್ನ ಗಂಡ ಹರೀಶ್ ಬಸ್ ಡ್ರೈವರ್. ಮಂಗಳೂರಿನ ರಾತ್ರಿ ಬಸ್ಸಿಗೆ ಹೊರಡಲು ಎದ್ದು ಬಂದವರು ಬನಿಯನ್ ಮೇಲಿಂದ ಹೊಟ್ಟೆ ತಟ್ಟಿಕೊಂಡು ನಕ್ಕರು. “ಬುಡೇ, ಇದು ನಮ್ಮ ಮನೆತನದ ಆಸ್ತಿ. ನಂದು ನೋಡು, ಸ್ಟೀರಿಂಗ್ ತಿರುಗ್ಸೋಕೆ ಕೈನೇ ಬೇಡ.”

ಯಾರೂ ನಗಲಿಲ್ಲ. ಅವರು ಅಂಗಿ ಹಾಕಿಕೊಳ್ಳಲು ಒಳಗೆ ಹೋದರು.

ಭಾನುವಾರ ಮಂಡಕಳ್ಳಿಯ ಕಡೆ ಹೋದೆ. ವಿಮಾನ ನಿಲ್ದಾಣದ ಆಚೆಯ ಒಂದು ಬಯಲಿನಲ್ಲಿ ನಿವೃತ್ತ ಹವಾಲ್ದಾರ್ ವೃಷಭೇಂದ್ರಪ್ಪನವರು ಹುಡುಗರಿಗೆ ತರಬೇತಿ ಕೊಡುತ್ತಾರೆ. ದಪ್ಪಗಿನ ಇಬ್ಬರು ಹುಡುಗರು ಕೊನೆಯಲ್ಲಿ ಎದೆ ಹಿಡಿದುಕೊಂಡು ನಡೆಯುತ್ತಿದ್ದರು. ವೃಷಭೇಂದ್ರಪ್ಪನವರು ಅವರನ್ನು ಕೂಗಿ ಹೇಳುತ್ತಿದ್ದರು: “ಲೋ, ಮದುವೆ ದಿಬ್ಬಣವೇನ್ರೋ ಅದು? ವಾಲಗ ತರಿಸ್ಲಾ?”

ನನ್ನನ್ನು ನೋಡಿ ದನಿ ತಗ್ಗಿಸಿದರು. “ಬನ್ನಿ ಮೇಡಮ್. ನಿಮ್ಮುಡುಗನ ಓಟಕ್ಕೇನೂ ಹೇಳೋ ಹಂಗಿಲ್ಲ. ತೂಕ ಯಾಕೆ ಇಳೀತಿಲ್ಲ ಅನ್ನೋದೇ ನಂಗೂ ಗೊತ್ತಾಗ್ತಿಲ್ಲ.”

“ನೀವು ಸೇರಿದಾಗಲೂ ಹೀಗಿತ್ತಾ?”

“ನಮ್ಮ ಕಾಲ್ದಲ್ಲಾ? ನಾವೆಲ್ಲ ಕಡ್ಡಿ ಪೈಲ್ವಾನ್‌ಗಳು ಮೇಡಮ್. ಎದೆ ಉಬ್ಬಲ್ಲ, ತೂಕ ಬರಲ್ಲ. ಭರ್ತಿ ದಿನ ಬಾಳೆಹಣ್ಣು ತಿಂದು ನೀರು ಕುಡಿದು ತಕ್ಕಡಿ ಮೇಲೆ ನಿಲ್ತಿದ್ವಿ. ಈಗ ನನ್ನ ಹತ್ರ ಬರೋರಿಗೆ ಓಡೋದಕ್ಕಿಂತ ಮುಂಚೆ ತೂಕ ಇಳಿಸೋದೇ ಕೆಲಸ.” ಅವರು ಬಯಲಿನ ಆಚೆ ಏಳುತ್ತಿದ್ದ ಬಡಾವಣೆಯ ಕಂಬಗಳನ್ನು ತೋರಿಸಿದರು. “ಹುಡುಗ್ರನ್ನ ಬೈದು ಏನ್ಮಾಡೋದು? ಆಡೋ ಜಾಗದಲ್ಲೆಲ್ಲ ಸೈಟು ಮಾಡಿದ್ದೀವಿ. ಕೂತ ಕಡೆಗೇ ತಿಂಡಿ ತಂದ್ಕೊಡ್ತಾರೆ. ಕೈಲಿ ಮೊಬೈಲು. ಇದು ಮುಗಿದ ಮೇಲೆ ಈ ಬಯಲೂ ಹೋಯ್ತದೆ.”

ನಾನು ತಲೆಯಾಡಿಸಿದೆ. ಗೌತಮ್ ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಬೀದಿಯ ಕೊನೆಯ ಮೈದಾನ ಕಲ್ಯಾಣ ಮಂಟಪವಾಯಿತು. ಆಮೇಲೆ ಬಾಗಿಲು ಮುಚ್ಚಿ ಕೂತ ಎರಡು ವರ್ಷ, ಮೊಬೈಲಿನಲ್ಲೇ ಪಾಠ. ಆಮೇಲೆ ಟ್ಯೂಷನ್. ಲಕ್ಷ್ಮೀಪುರಂನಲ್ಲಿರುವ ಕಾಲೇಜಿನ ಲೈಬ್ರರಿಯ ಕೆಲಸ ಮುಗಿಸಿ ನಾನು ಮನೆ ತಲುಪುವಾಗ ಕತ್ತಲಾಗುತ್ತಿತ್ತು; ಬರುವ ದಾರಿಯಲ್ಲೇ ಬೇಕರಿ. ಮೊಸರನ್ನ ಕಲಸುವ ಶಕ್ತಿಯೂ ಉಳಿಯದ ಸಂಜೆಗಳಲ್ಲಿ ಎಗ್ ಪಫ್, ಕ್ರೀಮ್ ಬನ್, ಪರೋಟ. ನೆಂಟರು ಬಂದರೆ ಅವನ ಕೆನ್ನೆ ಹಿಂಡಿ “ಮೈ ಕೈ ತುಂಬ್ಕೊಂಡವ್ನೆ, ಚೆನ್ನಾಗಿ ಸಾಕಿದ್ದೀಯ” ಎನ್ನುತ್ತಿದ್ದರು. ನಮ್ಮ ಮನೆತನದಲ್ಲಿ ಆ ಮಾತನ್ನು ಕೇಳಿಸಿಕೊಂಡ ಮೊದಲ ಸೊಸೆ ನಾನು. ಹೆಮ್ಮೆಯಾಗುತ್ತಿತ್ತು.

“ಮನೇಲಿ ಎಲ್ಲೋ ಸೋರ್ತಾ ಇದೆ ಮೇಡಮ್” ಎಂದರು ವೃಷಭೇಂದ್ರಪ್ಪ. “ಹುಡುಕಿ.”

ಹುಡುಕಿಕೊಟ್ಟಿದ್ದು ಇರುವೆಗಳು. ಮರುದಿನ ಒಗೆಯಲು ತೆಗೆದಿಟ್ಟಿದ್ದ ಗೌತಮನ ಟ್ರ್ಯಾಕ್ ಪ್ಯಾಂಟಿನ ಜೇಬಿನೊಳಕ್ಕೆ ಕೆಂಪಿರುವೆಗಳ ಸಾಲು ಹತ್ತುತ್ತಿತ್ತು. ಜೇಬು ಹೊರಳಿಸಿದೆ. ಜಿಡ್ಡಿನ ಕಲೆ, ಬೆಲ್ಲದ ಅಂಟು, ಹುರಿಹಿಟ್ಟಿನ ಪುಡಿ. ಮೂಗಿಗೆ ಹಿಡಿದೆ. ವೀಳ್ಯದೆಲೆ ಹಾಕಿ ಕಾಯಿಸಿದ ತುಪ್ಪದ ವಾಸನೆ. ನಮ್ಮ ಮನೆಯಲ್ಲಿ ಯಾರೂ ಹಾಗೆ ಕಾಯಿಸುವುದಿಲ್ಲ. ಹಾಗೆ ಕಾಯಿಸುವವರು ಮಂಡಕಳ್ಳಿಯಲ್ಲಿರುವ ಅತ್ತೆಯ ತಮ್ಮನ ಮನೆಯವರು.

ಅತ್ತೆ ಅಂಗಳದಲ್ಲಿ ಬಿಸಿಲಿಗೆ ಕೂತಿದ್ದರು. ನಾನು ಅವರ ಕೋಣೆಗೆ ಹೋಗಿ ಮಂಚದ ಕೆಳಗೆ ಬಗ್ಗಿದೆ. ಹಳೆಯ ಸೀರೆಯೊಂದನ್ನು ಸುತ್ತಿ ಇಟ್ಟಿದ್ದ ತುಪ್ಪದ ಡಬ್ಬಿ. ಪಕ್ಕದಲ್ಲಿ ಹುರಿಹಿಟ್ಟಿನ ಚೀಲ, ಬೆಲ್ಲದ ಅಚ್ಚು. ಡಬ್ಬಿಯ ಮುಚ್ಚಳವನ್ನು ಹೆಬ್ಬೆರಳಿನಿಂದ ಮೀಟಿದೆ. ಟಪ್.

ಡಬ್ಬಿಯನ್ನು ಅವರ ಮುಂದೆ ಇಟ್ಟಾಗ ಅತ್ತೆ ಹೆದರಲಿಲ್ಲ. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.

“ದಿನಾ ಕೊಡ್ತಿದ್ರಾ?”

“ಊಂ ಕಣವ್ವ. ರಾತ್ರಿನೇ ಉಂಡೆ ಕಟ್ಟಿಟ್ಟು, ಅವ್ನು ಓಡಕ್ಕೋಗೋವಾಗ ಜೇಬಿಗಾಕ್ತಿದ್ದೆ. ಎರಡೇ ಎರಡು. ಏನೀಗ?”

“ತೂಕ ಜಾಸ್ತಿ ಆಗಿದೆ ಅಂತಲೇ ವಾಪಸ್ ಕಳಿಸಿದ್ದು ಅತ್ತೆ. ನಿಮಗೆ ಹೇಳಿದ್ವಲ್ಲ.”

“ಏಳುದ್ರಿ. ನಾನು ನಂಬ್ಬೇಕಲ್ಲ.” ಅವರು ನನ್ನನ್ನೇ ನೋಡಿದರು. “ನಿಮ್ಮಾವನ್ನ ಮಿಲಿಟ್ರಿಯೋರು ಯಾಕೆ ಬ್ಯಾಡ ಅಂದ್ರು ಗೊತ್ತಾ? ಎರಡು ಕೇಜಿ ಕಮ್ಮಿ ಅಂತ. ಭರ್ತಿಗೆ ಅಂತ ಇಲ್ಲಿಂದ ನಡ್ಕೊಂಡೋಗಿದ್ದ. ಅವ್ರಿವ್ರ ತೋಟದಲ್ಲಿ ಬಾಳೆಹಣ್ಣು ಕೇಳ್ಕೊಂಡು ತಿಂದು, ಒಂದು ಕೊಡ ನೀರು ಕುಡ್ದು ನಿಂತವ್ನೆ. ಸಾಲಲ್ಲೇ ಎಲ್ಲಾ ವಾಂತಿ ಆಗೋಯ್ತು. ತಕ್ಕಡಿ ಅತ್ತೋ ಒತ್ಗೆ ಒಟ್ಟೆ ಖಾಲಿ. ಸಾಯೋಗಂಟ ಅದ್ನೇ ಏಳ್ತಿದ್ದ ಕಣವ್ವ, ವಾಂತಿ ಆಗ್ದಿದ್ರೆ ನಾನು ಸಿಪಾಯಿ ಅಂತ. ಈಗ ಉಂಡಿರೋ ಮಗೀನ ಬ್ಯಾಡ ಅಂತಾರಾ? ಉಂಡಿದ್ದಕ್ಕೆ ಯಾರಾದ್ರೂ ಒಲ್ಲೆ ಅಂತಾರಾ?”

ಮಾವ ಮಂಟಯ್ಯನವರನ್ನು ನಾನು ನೋಡಿದ್ದು ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಮೇಲೆ. ಊಟ ಮುಗಿಸಿದ ತಟ್ಟೆಯಲ್ಲಿ ಒಂದು ಅಗುಳೂ ಇರುತ್ತಿರಲಿಲ್ಲ. ನನ್ನ ಮುಂದೆ ಸೈನ್ಯದ ಮಾತು ಎತ್ತಿದ್ದು ನೆನಪಿಲ್ಲ.

ಗೌತಮ್ ಯಾವಾಗ ಬಂದನೋ, ಬಾಗಿಲಲ್ಲಿ ನಿಂತಿದ್ದ. ಡಬ್ಬಿ ನೋಡಿದ, ನನ್ನ ಮುಖ ನೋಡಿದ.

“ನಿನಗೆ ಗೊತ್ತಿದ್ದೂ ತಿಂದೆಯಾ?” ಎಂದೆ.

“ಕತ್ಲಲ್ಲಿ ಎದ್ದು ಗೋಡೆ ಹಿಡ್ಕೊಂಡು ಬಂದು ಕೊಡ್ತಾಳಮ್ಮ. ಎಸೆಯೋಕೆ ಕೈ ಬರ್ಲಿಲ್ಲ. ತಿಂದು ಎರಡು ಸುತ್ತು ಜಾಸ್ತಿ ಓಡ್ತಿದ್ದೆ.”

ಅವನು ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತ. “ಅಜ್ಜಿ, ಇಲ್ ಕೇಳು. ತಾತಂಗೆ ಕಮ್ಮಿ ಬಿದ್ದಿದ್ದನ್ನೆಲ್ಲ ನಾನೊಬ್ನೇ ತಿಂದ್ಬುಟ್ಟಿದೀನಿ. ಈಗ ಅದನ್ನ ಇಳಿಸ್ಬೇಕು. ಇಲ್ದಿದ್ರೆ ನನ್ನೂ ವಾಪಸ್ ಕಳಿಸ್ತಾರೆ. ನಿಜವಾಗ್ಲೂ ಕಣಜ್ಜಿ, ಕಾಲ ಉಲ್ಟಾ ಆಗ್ಬುಟ್ಟದೆ.”

ಅತ್ತೆ ಅವನ ಕೆನ್ನೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. “ತಗೊಂಡೋಗವ್ವ. ನಿನ್ ಬೀಗದೊಳಗೆ ಇಟ್ಕೋ.”

ಮುಂದಿನ ದಿನಗಳಲ್ಲಿ ಮನೆಯ ರೀತಿಯೇ ಬದಲಾಯಿತು. ಅತ್ತೆ ನನಗಿಂತ ಕಟ್ಟುನಿಟ್ಟಾದರು. ಗೌತಮನ ಮುದ್ದೆಯನ್ನು ಅವರೇ ತೊಳಸಿ, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾಗಿ ಕಟ್ಟಿ, “ಇಷ್ಟೇ, ತಟ್ಟೆ ತೊಳಿ” ಎನ್ನುತ್ತಿದ್ದರು. ಹರೀಶ್ ಬೇಕರಿಯ ಪೊಟ್ಟಣ ತಂದರೆ ಗೇಟಿನಲ್ಲೇ ತಡೆದು ಬೀದಿಯ ಮಕ್ಕಳಿಗೆ ಹಂಚಿಬಿಡುತ್ತಿದ್ದರು. ಅದೂ ತಪ್ಪೇ ಎಂದು ನಾನು ಹೇಳಲಿಲ್ಲ. ನಾನು ಬೆಳಿಗ್ಗೆ ಅವನ ಹಿಂದೆ ಸೈಕಲ್ ತುಳಿದೆ. ನನ್ನ ಓದು ಮುಗಿದ ಮೇಲೆ ಸೈಕಲ್ ಮುಟ್ಟಿರಲಿಲ್ಲ. ತೂಕ ಇಳಿಯತೊಡಗಿತು. ದಿನಕ್ಕೊಂದಿಷ್ಟು, ದಿನಕ್ಕೊಂದಿಷ್ಟು. ಆದರೆ ಹಿಂದಿನ ಎರಡು ವಾರ ಹೋಗಿಬಿಟ್ಟಿತ್ತು. ಹೊರಡುವ ಹಿಂದಿನ ದಿನ ಇನ್ನೂ ಒಂದೂವರೆ ಕೆಜಿ ಉಳಿದಿತ್ತು.

“ಆಗ್ತದೆ ಬುಡಮ್ಮ” ಎಂದ ಗೌತಮ್. ಹೇಗೆ ಎಂದು ಹೇಳಲಿಲ್ಲ.

ಹೇಗೆ ಎಂದು ನಾನು ನೋಡುತ್ತಲೇ ಇದ್ದೆ. ಆ ಮಧ್ಯಾಹ್ನದ ನಂತರ ಅವನ ನೀರಿನ ಲೋಟ ಒದ್ದೆಯಾಗಲೇ ಇಲ್ಲ. ಸಂಜೆ ಎರಡು ಸ್ವೆಟರ್ ಹಾಕಿಕೊಂಡು ಓಡಿ ಬಂದ. ರಾತ್ರಿ ಊಟ ಮಾಡಲಿಲ್ಲ. ಬೆಳಗಿನ ಜಾವದ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟಾಗ ಅವನ ತುಟಿ ಬಿರಿದಿತ್ತು. ಬಸ್ಸಿನಲ್ಲಿ ಒಮ್ಮೆ ಬಾಟಲಿ ಚಾಚಿದೆ. ತಲೆಯಾಡಿಸಿದ. ನಾನು ಒತ್ತಾಯ ಮಾಡಲಿಲ್ಲ. ಇನ್ನೂ ಸ್ವಲ್ಪ ಹೊತ್ತು ತಾನೇ ಎಂದು ನನಗೇ ಹೇಳಿಕೊಂಡೆ.

ಆಸ್ಪತ್ರೆಯ ಗೇಟಿಗೆ ಇನ್ನೇನು ನೂರು ಹೆಜ್ಜೆ. ರಸ್ತೆ ಬದಿಯ ಹೊಂಗೆಮರದ ಕೆಳಗೆ ಗೌತಮ್ ನಿಂತ. “ಅಮ್ಮ, ಒಂದ್ನಿಮಿಷ” ಎಂದ. ಹಾಗೇ ಕೂತ. ಕೂತದ್ದಲ್ಲ, ಕುಸಿದ. ಮುಖದಲ್ಲಿ ರಕ್ತವಿರಲಿಲ್ಲ. ಕೈ ಹಿಡಿದರೆ ತಣ್ಣಗೆ. ಬೆರಳುಗಳು ತಾವಾಗಿಯೇ ಸೆಟೆದುಕೊಳ್ಳುತ್ತಿದ್ದವು. ಕಣ್ಣು ನನ್ನನ್ನು ದಾಟಿ ಎಲ್ಲೋ ನೋಡುತ್ತಿತ್ತು.

ಬಾಟಲಿಯ ಮುಚ್ಚಳ ತಿರುಗಿಸಿದೆ. ಅರ್ಧ ಲೀಟರಿನದು. ಪಕ್ಕದ ಟೀ ಅಂಗಡಿಯಿಂದ ಚಿಟಿಕೆ ಉಪ್ಪು, ಸಕ್ಕರೆ ಇಸಿದುಕೊಂಡು ಹಾಕಿ ಅಲ್ಲಾಡಿಸಿದೆ.

“ಬೇಡಮ್ಮ” ಎಂದ. ನಾಲಿಗೆ ತಡವರಿಸಿತು. “ತೂಕ ಆದ್ಮೇಲೆ.”

“ಈಗ ಕುಡಿ.”

“ಅಮ್ಮ, ಅದು ಅರ್ಧ ಕೇಜಿ.”

“ಗೊತ್ತು. ಕುಡಿ.”

ಮನೆಯಲ್ಲಿ ನಾನು ಅನುಮಾನದವಳು. ಬಾಗಿಲು ಹಾಕಿದೆನೋ ಇಲ್ಲವೋ ಎಂದು ಎರಡು ಸಲ ನೋಡುವವಳು. ಆ ಹೊತ್ತಿನಲ್ಲಿ ಮಾತ್ರ ನನಗೆ ಯಾವ ಅನುಮಾನವೂ ಇರಲಿಲ್ಲ. ಅವನ ತಲೆಯನ್ನು ನನ್ನ ತೋಳಿಗೆ ಒರಗಿಸಿಕೊಂಡು, ಎಳೆಗೂಸಿಗೆ ಕುಡಿಸುವ ಹಾಗೆ, ಸ್ವಲ್ಪ ಸ್ವಲ್ಪವಾಗಿ ಪೂರ್ತಿ ಕುಡಿಸಿದೆ. ಕೊನೆಯ ಗುಟುಕಿಗೆ ಅವನು ಕಣ್ಣು ಮುಚ್ಚಿಕೊಂಡ. ಸ್ವಲ್ಪ ಹೊತ್ತಿಗೆ ಬೆರಳುಗಳು ಸಡಿಲವಾದವು. ಮುಖಕ್ಕೆ ಬಣ್ಣ ಬಂತು. ಎದ್ದು ನಿಂತು ಅಂಗಿ ಕೊಡವಿಕೊಂಡ.

“ಹೋಗ್ಬಿಟ್ಟು ಬರ್ತೀನಿ” ಎಂದ. ಗೇಟಿನವರೆಗೂ ನೆಟ್ಟಗೆ ನಡೆದ.

ನಾನು ಹೊಂಗೆಮರದ ಕೆಳಗೇ ಕಾದೆ. ಖಾಲಿ ಬಾಟಲಿ ಕೈಯಲ್ಲೇ ಇತ್ತು. ಬೇರೆ ತಾಯಂದಿರು, ತಂದೆಯರು ಬಂದು ನಿಂತರು. ಒಬ್ಬ ಹುಡುಗ ನಗುತ್ತಾ ಬಂದು ಅಪ್ಪನ ಕಾಲಿಗೆ ಬಿದ್ದ. ಮಧ್ಯಾಹ್ನ ದಾಟಿದ ಮೇಲೆ ಗೌತಮ್ ಬಂದ. ನಡಿಗೆಯಲ್ಲೇ ಗೊತ್ತಾಯಿತು.

“ಎಷ್ಟು?” ಎಂದೆ. ಮೊದಲ ಸಲ ಕೇಳಿದ್ದು.

“ಮುನ್ನೂರು ಗ್ರಾಂ ಜಾಸ್ತಿ.”

ಅವನು ನನ್ನ ಕೈಯಲ್ಲಿದ್ದ ಬಾಟಲಿಯ ಕಡೆ ನೋಡಲಿಲ್ಲ. ನೋಡದೆ ಇರಲು ಎಷ್ಟು ಪ್ರಯತ್ನಪಟ್ಟ ಎಂಬುದೂ ನನಗೆ ಕಂಡಿತು. “ಊಟ ಮಾಡೋಣ ನಡಿ, ಹಸಿವಾಯ್ತಿದೆ” ಎಂದ.

ವಾಪಸ್ ಬರುವ ಬಸ್ಸಿನಲ್ಲಿ ಅವನು ನಿದ್ದೆ ಹೋದ. ನಾನು ಆ ಮುನ್ನೂರು ಗ್ರಾಂ ಯಾರದು ಎಂದು ಯೋಚಿಸುತ್ತಾ ಕೂತೆ. ಮೇಲುನೋಟಕ್ಕೆ ನನ್ನದು, ನಾನು ಕುಡಿಸಿದ್ದು ಅದಕ್ಕಿಂತ ಹೆಚ್ಚೇ ಇತ್ತು. ಆದರೆ ಅತ್ತೆಯ ಎರಡು ಉಂಡೆ ಇಲ್ಲದಿದ್ದರೆ ನೀರಿನ ಪ್ರಶ್ನೆಯೇ ಬರುತ್ತಿರಲಿಲ್ಲ. ಕಲ್ಯಾಣ ಮಂಟಪದ ಕೆಳಗೆ ಹೂತುಹೋದ ಮೈದಾನವಿದ್ದಿದ್ದರೆ ಉಂಡೆಯೂ ಲೆಕ್ಕಕ್ಕೆ ಬರುತ್ತಿರಲಿಲ್ಲ, ಓಡಿ ಕರಗಿಸುತ್ತಿದ್ದ. ದಾರಿಯ ಬೇಕರಿ, ಕತ್ತಲಾದ ಸಂಜೆಗಳು, ಕೆನ್ನೆ ಹಿಂಡಿ ಹೊಗಳಿದ ನೆಂಟರು, ಸಾಲಿನಲ್ಲಿ ವಾಂತಿ ಮಾಡಿಕೊಂಡ ಮಾವ. ಗ್ರಾಮಿನ ಮೇಲೆ ಯಾರ ಹೆಸರೂ ಬರೆದಿರುವುದಿಲ್ಲ. ಒಂದು ಮಾತ್ರ ನನಗೆ ಸ್ಪಷ್ಟವಾಗಿತ್ತು. ಅದೇ ಬೆಳಿಗ್ಗೆ ಮತ್ತೆ ಬಂದರೆ, ಅದೇ ಮರದ ಕೆಳಗೆ ಅದೇ ನೀರನ್ನು ಮತ್ತೆ ಕುಡಿಸುತ್ತೇನೆ.

ಮದ್ದೂರು ದಾಟಿದ ಮೇಲೆ ಗೌತಮ್ ಎಚ್ಚರಗೊಂಡ. ಕಿಟಕಿಯ ಆಚೆ ನೋಡುತ್ತಲೇ ಹೇಳಿದ: “ಪೊಲೀಸ್ ಭರ್ತಿಗೆ ಇನ್ನೂ ವಯಸ್ಸಿದೆ ನಂಗೆ. ಅಲ್ಲೂ ಓಡ್ಬೇಕು. ನಾಳೆಯಿಂದ ಹವಾಲ್ದಾರ್ ಮೇಷ್ಟ್ರ ಹತ್ರ ಹೋಗ್ತೀನಿ.”

“ನಾಳೆ ಬೇಡ, ನಾಡಿದ್ದಿಂದ ಹೋಗು. ನೀರು ಕುಡಿದು ಹೋಗು.”

“ಕುಡೀತೀನಿ ಬುಡು.” ಅವನ ತುಟಿಯ ಬಿರುಕಿನಲ್ಲಿ ಒಂದು ನಗು ಬಂದು ಹೋಯಿತು. “ಸೈಕಲ್‌ಗೆ ಗಾಳಿ ಹೊಡ್ಸಿಡು. ಹಿಂದಿನ ಚಕ್ರ ಮೆತ್ತಗಿತ್ತು.”

ಅಶೋಕಪುರಂನ ನಮ್ಮ ಬೀದಿಗೆ ತಿರುಗಿದಾಗ ಅತ್ತೆ ಗೇಟಿನಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕಣ್ಣು ಸರಿಯಾಗಿ ಕಾಣದಿದ್ದರೂ ಮೊಮ್ಮಗನ ಹೆಜ್ಜೆ ಅವರಿಗೆ ಗೊತ್ತು. ಹತ್ತಿರ ಹೋಗುವ ಮೊದಲೇ ಕೇಳಿದರು.

“ಏನಾಯ್ತಪ್ಪ? ನನ್ ಉಂಡೆ ಕೆಡಿಸ್ಬುಡ್ತಾ?”

ಅವರ ದನಿ ಎಂದೂ ಅಷ್ಟು ಸಣ್ಣಗಿದ್ದದ್ದನ್ನು ನಾನು ಕೇಳಿರಲಿಲ್ಲ. ಗೌತಮ್ ಚಪ್ಪಲಿ ಬಿಟ್ಟು ಅವರ ಕಾಲ ಬಳಿ ಕೂತ.

“ತೂಕ ಸರಿ ಇತ್ತಜ್ಜಿ. ಉಂಡೆಗೂ ಇದಕ್ಕೂ ಸಂಬಂಧನೇ ಇಲ್ಲ. ಕಾಲಲ್ಲಿ ನರ ಉಬ್ಬಿದೆಯಂತೆ. ಅದಕ್ಕೇ ಬೇಡ ಅಂದ್ರು.”

“ನರಾನಾ?”

“ಊಂ. ಹುಟ್ಟಿದಾಗಿಂದ್ಲೂ ಇರ್ತದಂತೆ. ಯಾರ್ದೂ ತಪ್ಪಲ್ಲ.”

ಅತ್ತೆ ಉಸಿರು ಬಿಟ್ಟರು. ಅವನ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಸಿ, ಇಲ್ಲದ ನರವನ್ನು ಬೆರಳಿನಿಂದ ಹುಡುಕಿದರು. “ಎಲ್ಲವ್ವಾ ಆ ಎಳ್ಳೆಣ್ಣೆ, ತತ್ತಾ ಇಲ್ಲಿ. ದಿನಾ ತಿಕ್ಕುದ್ರೆ ಓಯ್ತದೆ. ನಿಮ್ ತಾತಂಗೂ ಇಂಗೇ ಕಾಲು, ಮರ ಇದ್ದಂಗೆ.”

ನಾನು ಎಣ್ಣೆ ಬಟ್ಟಲು ತಂದುಕೊಟ್ಟೆ. ಗೌತಮ್ ಅಜ್ಜಿಯ ತಲೆಯ ಮೇಲಿಂದ ನನ್ನನ್ನು ನೋಡಿದ. ಬೇಡಿಕೊಳ್ಳುವ ನೋಟವಲ್ಲ ಅದು. ಒಂದು ಕೆಲಸ ಮುಗಿಸಿ, ಇನ್ನುಳಿದದ್ದು ನಿನ್ನದು ಎಂದು ಒಪ್ಪಿಸುವ ನೋಟ.

ಡ್ಯೂಟಿಗೆ ಹೊರಡುತ್ತಿದ್ದ ಹರೀಶ್ ಅಡುಗೆಮನೆಗೆ ಬಂದು ದನಿ ತಗ್ಗಿಸಿ ಕೇಳಿದರು. “ನಿಜವಾಗ್ಲೂ ನರಾನೇನಾ? ಅಥವಾ ನಮ್ಮವ್ವನ ತುಪ್ಪಾನಾ? ನನ್ನತ್ರನಾದ್ರೂ ಹೇಳು.”

ಕಪಾಟಿನ ಬೀಗ ತೆಗೆದು ಬೀಗದ ಕೈಯನ್ನು ಮೊಳೆಗೆ ತೂಗುಹಾಕಿದೆ. ಚೀಲದಲ್ಲಿದ್ದ ಖಾಲಿ ಬಾಟಲಿಯನ್ನು ತೊಳೆದು, ನೀರು ತುಂಬಿಸಿ, ಬೆಳಿಗ್ಗೆ ಅವನ ಕೈಗೆ ಸಿಗುವಂತೆ ಶೂಗಳ ಪಕ್ಕದಲ್ಲಿ ಇಟ್ಟೆ.

“ನರವೇ” ಎಂದೆ. ಆ ಮರದ ಕೆಳಗೆ ನಡೆದದ್ದನ್ನು, ಆ ಮುನ್ನೂರು ಗ್ರಾಮನ್ನು, ಇವರಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಅಷ್ಟರಲ್ಲೇ ನಿರ್ಧರಿಸಿಬಿಟ್ಟಿದ್ದೆ.